ಸೊಂಟದ ಹೊಲಿಗೆ

ದರ್ಜಿಗೆ ಉಸಿರು ಸಾಲುತ್ತಿರಲಿಲ್ಲ. ಮಿಕ್ಕಿದ್ದೆಲ್ಲ ಬೇಕಾದಷ್ಟಿತ್ತು: ಗಿರಾಕಿಗಳು, ಹಟ, ಎಪ್ಪತ್ತು ದಾಟಿದರೂ ಕನ್ನಡಕವಿಲ್ಲದೆ ಸೂಜಿ ಪೋಣಿಸುವ ಕಣ್ಣು.

ಕೆಳಗೆ ಅಂಗಡಿ, ಮೇಲೆ ಮನೆ. ಹೃದಯ ಸೋತಿದೆ, ರಕ್ತ ಹಿಂದಕ್ಕೆ ತುಂಬಿಕೊಂಡು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದೆ ಎಂದು ಡಾಕ್ಟರು ಹೇಳಿದ್ದರು. ನೀರು ಇಳಿಸುವ ಮಾತ್ರೆ ತಪ್ಪಬಾರದು, ಕಾಲು ಊದಿದರೆ, ಬಟ್ಟೆ ಬಿಗಿಯಾದರೆ ಕೂಡಲೇ ಬರಬೇಕು ಎಂದೂ ಹೇಳಿದ್ದರು. ಹೆಂಡತಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವನ ಕಾಲು ಸದಾ ಉದ್ದ ಪ್ಯಾಂಟಿನೊಳಗೇ ಇರುತ್ತಿತ್ತು, ಆ ಪ್ಯಾಂಟು ಬಿಗಿಯಾಗಲೇ ಇಲ್ಲ. ಹೊಟ್ಟೆ ಮಾತ್ರ ತುಸು ಮುಂದೆ ಬಂತು.

"ಅಪ್ಪ ಮೈ ತುಂಬ್ಕೊಂಡಿದ್ದಾರೆ ಕಣಮ್ಮ, ಎಲ್ಲ ನಿನ್ನ ಕೈಗುಣ" ಎಂದು ಮಗ ನಕ್ಕ. ಅವಳಿಗೂ ಹಿಗ್ಗಾಯಿತು.

ಒಂದು ಬೆಳಿಗ್ಗೆ ಒಗೆಯಲೆಂದು ಪ್ಯಾಂಟಿನ ಒಳಮೈ ಹೊರಗೆ ಮಾಡಿದಳು. ಸೊಂಟದ ಹಿಂಬದಿ ಹೊಲಿಗೆಯ ಪಕ್ಕದಲ್ಲಿ ಸೂಜಿ ತೂತುಗಳ ಸಾಲು. ಅದರ ಪಕ್ಕ ಇನ್ನೊಂದು. ಆಚೆ ಮತ್ತೊಂದು. ಒಳಗೆ ಮಾರ್ಜಿನ್ ಅಂತ ಬಿಟ್ಟಿದ್ದ ಬಟ್ಟೆ ಮುಗಿದೇ ಹೋಗಿತ್ತು. ಇನ್ನೊಂದು ಪ್ಯಾಂಟು ಎಳೆದು ನೋಡಿದಳು. ಅದೂ ಹಾಗೆಯೇ. ಮದುವೆಯಾದಾಗಿನಿಂದ ಅವನ ಪಕ್ಕ ಕೂತು ಕಾಜ ಹಾಕಿದವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಊದಿದಾಗಲೆಲ್ಲ ಬಿಚ್ಚಿ, ಸಡಿಲ ಮಾಡಿ, ಮತ್ತೆ ಹೊಲಿದುಕೊಂಡಿದ್ದಾನೆ.

ಒದ್ದೆ ಕೈಯಲ್ಲೇ ಕೆಳಗಿಳಿದಳು. ಅವನು ಮೆಷಿನ್ ಮುಂದೆ ಕೂತು ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದ.

"ನೀರಿನ ಮಾತ್ರೆ ನುಂಗ್ತಿದ್ದೀರಾ?"

"ದಿನಾ ನಿನ್ನೆದುರಿಗೇ ಬಾಯಿಗೆ ಹಾಕ್ಕೋತೀನಲ್ಲ."

"ಹಾಕ್ಕೊಂಡಿದ್ದು ಕೇಳ್ಲಿಲ್ಲ. ನುಂಗಿದ್ದು ಕೇಳ್ದೆ."

ಮೆಷಿನ್ ನಿಂತಿತು.

"ನುಂಗಿದ್ರೆ ಗಳಿಗೆಗೊಂದು ಸಲ ಮೇಲೆ ಓಡ್ಬೇಕು. ಕಕ್ಕಸು ಮೇಲೆ, ನನ್ನ ಉಸಿರು ಕೆಳಗೆ. ಗಿರಾಕಿ ಮುಂದೆ ನಾಯಿ ಥರ ಏದುಸಿರು ಬಿಡ್ಲಾ?"

"ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಅಂಗಡಿಗೆ ಬೀಗ ಜಡಿಸ್ತಿದ್ದೆ."

ಹೌದು, ಜಡಿಸುತ್ತಿದ್ದಳು. ಬಗ್ಗಿ, ಪ್ಯಾಂಟು ಮೇಲೆ ಸರಿಸಿ ಅವನ ಕಣಕಾಲು ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ನಿಂತಿತು. ತಲೆಯೆತ್ತಿದಾಗ ಕಂಡದ್ದು ನೀಲಿಗಟ್ಟಿದ ತುಟಿ.

"ಏಳಿ. ಆಸ್ಪತ್ರೆಗೆ ಹೋಗೋಣ."

"ಈ ತೋಳೊಂದು ಆಗ್ಲಿ. ಸಂಜೆ ಬರ್ತಾರೆ."

"ಕೋಟು ಹಾಳಾಗ್ಹೋಗ್ಲಿ!"

"ಬಾಯಿಗೆ ಬಂದಂಗೆ ಅನ್ಬೇಡ ಕಣೆ, ಒಳ್ಳೇ ಬಟ್ಟೆ" ಎಂದು ನಗಲು ಹೋದ. ನಗು ಕೆಮ್ಮಾಯಿತು. ಕೆಮ್ಮಿನ ಜೊತೆ ಗುಲಾಬಿ ಬಣ್ಣದ ನೊರೆ ಬಂದು ಕೋಟಿನ ಕಾಲರಿನ ಮೇಲೆ ಬಿತ್ತು. ಅವನು ಮೊದಲು ಕಾಲರು ಒರೆಸಿದ. ಆಮೇಲೆ ಬಾಯಿ ಒರೆಸಿಕೊಳ್ಳಲು ಕೈ ಏಳಲಿಲ್ಲ.

ಅವಳು ಮಗನ ಹೆಸರು ಹಿಡಿದು ಕಿರುಚಿದಳು. ಇಬ್ಬರೂ ಅವನನ್ನು ಕುರ್ಚಿಯ ಸಮೇತ ಎತ್ತಿ ಬೀದಿಗೆ ತಂದರು. ಗಾಡಿಯಲ್ಲಿ ಮಲಗಿಸಲು ಹೋದರೆ ಮುಳುಗುವವನ ಹಾಗೆ ಒದ್ದಾಡಿದ. ದಾರಿಯುದ್ದಕ್ಕೂ ಅವಳು ಅವನನ್ನು ಎದೆಗೆ ಒರಗಿಸಿಕೊಂಡು ಕೂತಳು. ಬೆನ್ನಿನೊಳಗೆ ನೀರು ಕುದಿಯುವಂಥ ಸದ್ದು ಅವಳ ಎದೆಗೆ ತಾಗುತ್ತಿತ್ತು.

"ಇಷ್ಟಾಗೋವರೆಗೂ ಏನ್ಮಾಡ್ತಿದ್ರಿ?" ಡಾಕ್ಟರು ಸಿಡುಕಿದರು. "ಬಟ್ಟೆ ಬಿಗಿ ಆಗ್ಲಿಲ್ವಾ?"

"ಇಲ್ಲ" ಎಂದಳು. "ಅವರು ದರ್ಜಿ."

ಶ್ವಾಸಕೋಶದ ಒತ್ತಡದ ಎದುರು ದುಡಿದು ದುಡಿದು ಹೃದಯದ ಬಲಭಾಗವೂ ಕೈಚೆಲ್ಲಿತ್ತು. ಇಂಜೆಕ್ಷನ್ ಕೊಟ್ಟು ನೀರು ಇಳಿಸಿದರು. ನೀರೇನೋ ಇಳಿಯಿತು. ವಾರದೊಳಗೆ ಹೋದದ್ದು ಹನ್ನೊಂದು ಕಿಲೋ ನೀರು, ಎರಡು ಮೂತ್ರಪಿಂಡ, ಒಬ್ಬ ಗಂಡ.