ಬೋಣಿ ಗೋಡೆ

ಮದುವೆ ವಿಡಿಯೊ ಮಾಡಿ ಮಾಡಿ ಕೈ ಪಳಗಿದವರಿಗೆ ವಸಂತವನ್ನು ಒಪ್ಪಿಸಿದರೆ ಅದನ್ನೂ ಮದುಮಗಳಂತೆ ಸಿಂಗರಿಸಿ ತಂದು ಕೂರಿಸುತ್ತಾರೆ. ಮಾವ ಮಾಡಿದ್ದೂ ಅದನ್ನೇ. ಹೂವಿನ ಗಿಡ ಸಿಕ್ಕಿದರೆ ಅವನ ಕ್ಯಾಮೆರಾ ಬುಡದಿಂದ ಮೆಲ್ಲಗೆ ಮೇಲೇರಿ, ಹೂವಿನ ಮುಖಕ್ಕೆ ಬಂದು ನಾಚಿ ನಿಲ್ಲುತ್ತಿತ್ತು. ಎರಡು ಹಕ್ಕಿ ಒಂದೇ ಕೊಂಬೆಯ ಮೇಲೆ ಕೂತರಂತೂ, “ಹತ್ತಿರ ಬನ್ನಿ, ಇನ್ನೂ ಸ್ವಲ್ಪ ಹತ್ತಿರ” ಎನ್ನುವ ಅವನ ದನಿಯೂ ಚಿತ್ರದೊಳಗೆ ಸೇರಿಕೊಂಡಿರುತ್ತಿತ್ತು.

ಅದನ್ನೆಲ್ಲ ಕತ್ತರಿಸಿ ಜೋಡಿಸುವವಳು ಅವನ ಅಕ್ಕನ ಮಗಳು. ಮನೆಯಲ್ಲಿ ಅವಳ ಹೆಸರೇ ಕತ್ತರಿ. ಮಾತನ್ನೂ ಅರ್ಧಕ್ಕೆ ಕತ್ತರಿಸಿ ಕನಸಿಗೆ ಜಾರುತ್ತಾಳೆ ಎಂಬುದು ಅಜ್ಜಿಯ ದೂರು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ: ಒಂದು ಕಂಪ್ಯೂಟರು, ಗೋಡೆಗೆ ಒಂದು ದೊಡ್ಡ ಟಿವಿ, ಬಾಗಿಲ ಪಕ್ಕದಲ್ಲಿ ಅಜ್ಜಿಯ ಕುರ್ಚಿ.

ಮಾವನಿಗೊಂದು ರೂಢಿಯಿತ್ತು. ಅಂಗಡಿಯವರು ದಿನದ ಮೊದಲ ಗಿರಾಕಿಗೆ ಕಾಯುವ ಹಾಗೆ, ಅವನು ಬೆಳಿಗ್ಗೆ ಮೊದಲ ಶಾಟನ್ನು ಯಾವುದಾದರೂ ಬಿಳಿ ಗೋಡೆಯ ಮೇಲೇ ತೆಗೆಯಬೇಕು. ಹತ್ತಿಪ್ಪತ್ತು ಸೆಕೆಂಡು, ಅಷ್ಟೆ. ಕ್ಯಾಮೆರಾ ಸರಿಯಿದೆಯೇ, ಬಿಳಿ ಬಿಳಿಯಾಗಿಯೇ ಕಾಣುತ್ತಿದೆಯೇ ಎಂದು ನೋಡಿಕೊಳ್ಳುವುದು. ಅದು ಅವನ ಬೋಣಿ. ಕತ್ತರಿ ಆ ಬೋಣಿಗಳನ್ನು ತೆರೆದೂ ನೋಡದೆ ‘ಕಸ’ ಎಂಬ ಫೋಲ್ಡರಿಗೆ ಎಸೆಯುತ್ತಿದ್ದಳು. ಎಸೆಯುತ್ತಿದ್ದಳೇ ಹೊರತು ಅಳಿಸುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಜ್ಜಿ ಹೇಳಿದ ಕಥೆಯೊಂದರಲ್ಲಿ ಕಿರಿಯ ಸೊಸೆ ಗುಡಿಸಿದ ಕಸವನ್ನು ಏಳು ದಿನ ಮೂಲೆಯಲ್ಲಿಟ್ಟು, ಎಂಟನೆಯ ದಿನ ಕೈಯಾಡಿಸಿ ನೋಡಿಯೇ ಹೊರಗೆ ಹಾಕುತ್ತಿದ್ದಳು. ಆ ಸೊಸೆಗೆ ಕೊನೆಗೆ ಏನು ಸಿಕ್ಕಿತೆಂಬುದು ಕತ್ತರಿಗೆ ಮರೆತುಹೋಗಿತ್ತು. ಕಸ ಕೂಡಿಡುವ ಚಾಳಿ ಮಾತ್ರ ಉಳಿದಿತ್ತು.

ಈ ವಸಂತದ ಚಿತ್ರ ಯಾವ ಗಿರಾಕಿಗೂ ಅಲ್ಲ, ಅಮ್ಮನ ಮಾತಿಗೆ. ಚಳಿ ಮುಗಿಯುವ ಹೊತ್ತಿಗೆ ಆಸ್ಪತ್ರೆ ಸೇರಿದ ಅಮ್ಮ ಎದ್ದು ಮನೆಗೆ ಬರುವಷ್ಟರಲ್ಲಿ ಮರಗಳೆಲ್ಲ ಚಿಗುರಿ ದಟ್ಟವಾಗಿದ್ದವು. ಹೊರಡುವ ದಿನ ಅವಳು ವಾರ್ಡಿನ ಸಿಸ್ಟರ್ ಕೈ ಹಿಡಿದು, ಇಲ್ಲಿ ಮಲಗಿದವರು ಪಾಪ ದಿನವಿಡೀ ಟಿವಿಯಲ್ಲಿ ಹಲ್ಲಿನ ಪೇಸ್ಟನ್ನೇ ನೋಡಬೇಕು, ಅವರಿಗಾಗಿ ಒಂದು ವಸಂತ ಮಾಡಿಸಿ ತರುತ್ತೇನೆ, ನಮ್ಮ ಮನೆಯಲ್ಲಿ ಇಬ್ಬರು ವಿಡಿಯೊದವರಿದ್ದಾರೆ ಎಂದು ಮಾತು ಕೊಟ್ಟುಬಿಟ್ಟಿದ್ದಳು. ಸೋಮವಾರ ಮತ್ತೆ ಡಾಕ್ಟರಿಗೆ ತೋರಿಸಲು ಹೋಗಬೇಕು. ತನಗೆಂದು ಎರಡನೆಯ ಲೋಟ ನೀರನ್ನೂ ಕೇಳದ ಹೆಂಗಸು. ಬರಿಗೈಯಲ್ಲಿ ಆ ವಾರ್ಡಿನ ಬಾಗಿಲು ದಾಟುವ ಹಾಗೆ ಆಗಬಾರದು ಎಂದು ಕತ್ತರಿ ಹಟ ಹಿಡಿದಿದ್ದಳು.

ಮದುವೆಗಳ ನಡುನಡುವೆ ತುರುಕಲೆಂದು ಮಾವ ದಾರಿಯುದ್ದಕ್ಕೂ ತೆಗೆದಿಟ್ಟಿದ್ದ ಹೂವು, ಹಕ್ಕಿ, ಜೇನು, ತೊರೆ ಎಲ್ಲವನ್ನೂ ಹೆಕ್ಕಿ ಅವಳು ಮೂರು ನಿಮಿಷಕ್ಕೆ ಇಳಿಸಿದಳು. ಶುಕ್ರವಾರ ಪರದೆ ಎಳೆದು ಅಮ್ಮನನ್ನು ಟಿವಿಯ ಮುಂದೆ ಕೂರಿಸಿದಳು.

“ಚೆನ್ನಾಗಿದೆ ಕಣೇ” ಎಂದಳು ಅಮ್ಮ. ಆದರೆ ಅವಳ ಕಣ್ಣು ಪರದೆ ಎಳೆದ ಕಿಟಕಿಯ ಕಡೆಗಿತ್ತು.

“ಏನು ಕಮ್ಮಿಯಾಗಿದೆ, ಹೇಳಮ್ಮ.”

“ಕಮ್ಮಿ ಏನಿಲ್ಲ. ಇದು ಓಡಾಡೋರ ವಸಂತ. ಮಲಗಿದವರಿಗೆ ಇಷ್ಟೆಲ್ಲ ಎಲ್ಲಿ ಕಾಣತ್ತೆ? ನಾನು ನೋಡಿದ್ದು ಬೇರೆ.”

ಅವಳು ನೋಡಿದ್ದು ಒಂದು ಗೋಡೆ. ವಾರ್ಡು ನೆಲಮಹಡಿಯಲ್ಲಿತ್ತು. ಕಿಟಕಿಯಾಚೆ ಅಂಗಳ, ಅಂಗಳದಾಚೆ ಲಾಂಡ್ರಿಯ ಬಿಳಿ ಗೋಡೆ. ಮರವೊಂದು ಕಿಟಕಿಯ ಪಕ್ಕಕ್ಕಿದ್ದುದರಿಂದ ಮಲಗಿದವರಿಗೆ ಮರ ಕಾಣದು. ಬೆಳಗಿನ ಬಿಸಿಲಿಗೆ ಗೋಡೆಯ ಮೇಲೆ ಬೀಳುವ ಅದರ ನೆರಳು ಮಾತ್ರ ಕಾಣುತ್ತಿತ್ತು. ಮೊದಲು ಬರೀ ಗೀರುಗಳು. ಒಂದು ದಿನ ಗೀರಿನ ತುದಿಗೆ ಚುಕ್ಕೆ. ಚುಕ್ಕೆ ಉಬ್ಬಿತು, ಎರಡಾಗಿ ಸೀಳಿತು, ಕೈ ಬಿಚ್ಚಿತು. ಅದು ಕಾಣಲೆಂದೇ ಸಿಸ್ಟರ್ ಮಂಚವನ್ನು ಒಂದು ಮೊಳ ತಿರುಗಿಸಿ ಕೊಟ್ಟಿದ್ದಳಂತೆ. ಇವತ್ತು ಎಷ್ಟು ಎಲೆ ಎಂದು ಎಣಿಸುತ್ತ ಎಣಿಸುತ್ತ ಅಮ್ಮ ನೋವಿನ ಗಂಟೆಗಳನ್ನು ದಾಟಿದ್ದಳು.

ಕತ್ತರಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ದಿನಾ ಸಂಜೆ ಹೋಗಿ ಕೂತವಳು ಕಿಟಕಿಗೆ ಬೆನ್ನು ಹಾಕಿಯೇ ಕೂತಿದ್ದಳು. ಏಳು ವಾರ ಅವಳು ಅಮ್ಮನನ್ನು ನೋಡಿದ್ದಳು, ಅಮ್ಮ ನೋಡಿದ್ದನ್ನು ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಆಸ್ಪತ್ರೆಯ ಅಂಗಳಕ್ಕೆ ಓಡಿದಳು. ನೆರಳೇನೋ ಇತ್ತು, ಆದರೆ ದಟ್ಟ ಎಲೆಗಳದು. ಗೋಡೆಗೆ ಶಾಯಿ ಚೆಲ್ಲಿದಂತೆ ಒಂದೇ ಕಪ್ಪು ಮುದ್ದೆ. ಕಿಟಕಿಯಿಂದ ನೋಡಿದ ಸಿಸ್ಟರ್, ಬಸ್ಸು ಹೋದ ಮೇಲೆ ಟಿಕೆಟ್ ಕೊಂಡ ಹಾಗಾಯ್ತಲ್ಲ ಎಂದು ನಕ್ಕು, ಅಮ್ಮನನ್ನು ಕೇಳಿದೆನೆಂದು ಹೇಳಿ ಕಳಿಸಿದಳು.

ಮಧ್ಯಾಹ್ನ ಸ್ಟುಡಿಯೊದಲ್ಲಿ ಸುಳ್ಳು ನೆರಳು ಮಾಡುವ ಯತ್ನ ನಡೆಯಿತು. ಮಾವ ದೀಪದ ಮುಂದೆ ಒಣಕಡ್ಡಿ ಹಿಡಿದು ಗಾಳಿ ಬೀಸಿದಂತೆ ಅಲ್ಲಾಡಿಸಿದ.

“ಪೊರಕೆ ಯಾಕೋ ಕುಣಿಸ್ತಿದೀಯ?” ಎಂದಳು ಅಜ್ಜಿ ಕುರ್ಚಿಯಿಂದ.

ಮಾವ ಕಡ್ಡಿ ಕೆಳಗಿಟ್ಟ. ತಪ್ಪು ಗೋಡೆಯದೆಂದು ಗೊಣಗಿದ. “ಇದು ಹಳದಿ ತಿರುಗಿದೆ. ಬಿಳಿ ಅಂದ್ರೆ ಆಸ್ಪತ್ರೆ ಲಾಂಡ್ರಿ ಗೋಡೆ. ಅಕ್ಕ ಅಲ್ಲಿದ್ದಷ್ಟು ದಿನ ನನ್ನ ಬೋಣಿ ಅಲ್ಲೇ ಅಲ್ವ.”

ಕತ್ತರಿ ಅವನ ಮುಖವನ್ನೇ ನೋಡಿದಳು. ಆಮೇಲೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ‘ಕಸ’ ತೆರೆದಳು.

ಲಾಂಡ್ರಿ ಗೋಡೆಯ ಐವತ್ತೊಂದು ಬೋಣಿಗಳಿದ್ದವು. ಗೀರು, ಗೀರು, ಗೀರು, ಚುಕ್ಕೆ. ಒಂದರಲ್ಲಿ ಮಾವನ ಬೆರಳು ಅರ್ಧ ಲೋಕವನ್ನು ಮುಚ್ಚಿತ್ತು. ಒಂದರಲ್ಲಿ ಬೆಕ್ಕು ಗೋಡೆಯುದ್ದಕ್ಕೂ ನಡೆದು, ಅಂದು ತಾನೇ ಅರಳಿದ ನೆರಳಿನ ಎಲೆಯನ್ನು ಮೂಸಿ ಹೋಯಿತು. ಒಂದರ ಹಿಂದೊಂದು ಸಾಲಾಗಿಟ್ಟಾಗ ಇಡೀ ಮರ ಗೋಡೆಯ ಮೇಲೆ ಉಸಿರೆಳೆದು ಎದ್ದು ನಿಂತಿತು. ಕತ್ತರಿ ಆ ಕಿರಿಯ ಸೊಸೆಯನ್ನು ನೆನೆದು ಕುರ್ಚಿಯ ಕಡೆ ನೋಡಿದಳು. ಕಥೆ ಕೊಟ್ಟವಳು ಬಾಯಿ ತೆರೆದು ನಿದ್ದೆ ಹೋಗಿದ್ದಳು.

ತೊಡಕು ಒಂದೇ. ಒಂದನ್ನು ಬಿಟ್ಟು ಪ್ರತಿ ಬೋಣಿಯ ಮೊದಲಿಗೂ ಕೊಂಬೆಗಳ ನಡುವೆ ಇನ್ನೊಂದು ನೆರಳು ಬಂದು ನಿಲ್ಲುತ್ತಿತ್ತು: ಬ್ಯಾಗಿನ ಭಾರಕ್ಕೆ ಒಂದು ಭುಜ ಇಳಿದ, ಮುಖದ ಜಾಗದಲ್ಲಿ ಕ್ಯಾಮೆರಾ ಇದ್ದ ಮಾವ. ಐದಾರು ಸೆಕೆಂಡಿನ ನಂತರ ಪಕ್ಕಕ್ಕೆ ಸರಿಯುತ್ತಿದ್ದ. ಕತ್ತರಿ ಅದನ್ನೆಲ್ಲ ಕಚಕಚ ಕತ್ತರಿಸಿದಳು. ಕತ್ತರಿಸುತ್ತ ಒಳಗೆಲ್ಲೋ ಕೂತಿದ್ದ ಹಳೆಯ ಮುನಿಸು ತಲೆಯೆತ್ತಿತು. ದಿನವೂ ಬೆಳಿಗ್ಗೆ ಊಟದ ಡಬ್ಬಿಯನ್ನು ಕೌಂಟರಿನಲ್ಲಿಟ್ಟು ಹೋಗುತ್ತಿದ್ದ ಮಾವ ಒಂದು ದಿನವೂ ವಾರ್ಡಿನೊಳಗೆ ಕಾಲಿಟ್ಟಿರಲಿಲ್ಲ.

“ಕಿಟಕಿಯಿಂದ ಹತ್ತು ಹೆಜ್ಜೆ, ಮಾವ” ಎಂದಳು.

“ಹತ್ತೇ” ಎಂದ ಅವನು. ಲೆನ್ಸಿನ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದ. “ಕಾಲು ಬರಲಿಲ್ಲ ಕಣೇ. ಹುಟ್ಟಿದಾಗಿಂದ ನೋಡ್ತಿದೀನಿ, ನಾನು ಏಳೋಕೆ ಮೊದಲೇ ಅಕ್ಕ ಎದ್ದಿರ್ತಾಳೆ. ಅವಳು ಮಲಗಿರೋದನ್ನ ನೋಡೋದು ಹೇಗೆ ಅಂತ ಗೊತ್ತಾಗಲಿಲ್ಲ.”

ಕತ್ತರಿ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದಳು.

ಭಾನುವಾರ ಮತ್ತೆ ಪರದೆ ಎಳೆದರು. ಮೊದಲ ಗೀರು ಕಂಡದ್ದೇ ಅಮ್ಮನ ಬೆನ್ನು ನೆಟ್ಟಗಾಯಿತು. ಇದೇ, ಇದೇ ಎಂದು ಗುನುಗಿದಳು. ಚುಕ್ಕೆಗಳು ಬಂದವು, ಬೆಕ್ಕು ಬಂತು, ಎಲೆಗಳು ಕೈ ಬಿಚ್ಚಿದವು. ಮುಗಿದ ಮೇಲೂ ಅಮ್ಮ ಟಿವಿಯಲ್ಲಿ ಏನನ್ನೋ ಹುಡುಕುತ್ತಿದ್ದಳು.

“ಅವನೆಲ್ಲಿ?”

“ಯಾರಮ್ಮ?”

“ನಿಮ್ಮ ಮಾವ. ಮೊದಲು ಅವನು ಬರ್ತಿದ್ದ. ಆಮೇಲೇ ನನಗೆ ಬೆಳಗಾಗ್ತಿದ್ದದ್ದು.”

ಮಾವ ಗೋಡೆಗೆ ಒರಗಿದ್ದವನು ಒರಗಿದಂತೆಯೇ ನಿಂತ. ಅಮ್ಮ ತಮ್ಮನ ಕಡೆ ತಿರುಗಲಿಲ್ಲ. ತಿರುಗಿದರೆ ಅವನು ಓಡುತ್ತಾನೆಂದು ಅವಳಿಗೆ ಗೊತ್ತಿತ್ತು. ಖಾಲಿ ಟಿವಿಗೇ ಹೇಳಿದಳು: “ಇಳಿದ ಭುಜ ನೋಡಿದರೆ ನನಗೆ ತಿಳಿಯಲ್ವ? ಒಂದು ದಿನ ಮೋಡ ಕವಿದಿತ್ತು, ನೆರಳಿಲ್ಲ. ಅವತ್ತು ಡಬ್ಬಿ ಕೈಗೆ ಬರೋವರೆಗೂ ನನಗೆ ಸಮಾಧಾನ ಇರಲಿಲ್ಲ. ಐವತ್ತು ದಿನ ಒಬ್ಬ ಮನುಷ್ಯ ತಪ್ಪದೆ ಬಂದ. ಅವನನ್ನ ಕತ್ತರಿಸಿ ಹಾಕಿದರೆ ಇನ್ನೇನು ಉಳೀತು ಇದರಲ್ಲಿ?”

ಮಾವ ವೈರು ಸಡಿಲಾಗಿದೆ ಎನ್ನುತ್ತ ಟಿವಿಯ ಹಿಂದೆ ಬಗ್ಗಿದ. ಸಡಿಲಾದ ವೈರೇನೂ ಇರಲಿಲ್ಲ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

“ಸಿಕ್ಕಿತೇನೋ?” ಎಂದಳು ಅಜ್ಜಿ.

“ಸಿಕ್ತು” ಎಂದ ಮಾವ ಅಲ್ಲಿಂದಲೇ. ಮೂಗು ಕಟ್ಟಿದ ದನಿ.

ಕತ್ತರಿ ಎಸೆದ ಸೆಕೆಂಡುಗಳನ್ನೆಲ್ಲ ಒಂದೊಂದಾಗಿ ಮರಳಿ ಕರೆತಂದು ಅವವುಗಳ ಜಾಗದಲ್ಲಿ ಕೂರಿಸಿದಳು. ಮೂರು ನಿಮಿಷದ ಚಿತ್ರ ಎಂಟು ನಿಮಿಷವಾಯಿತು. ಮಲಗಿದವರಿಗೆ ಅವಸರವಿಲ್ಲ ಎಂದಳು ಅಮ್ಮ. ಕೊನೆಯಲ್ಲಿ ಹೆಸರುಗಳನ್ನು ಹಾಕುವ ಜಾಗದಲ್ಲಿ ಕತ್ತರಿ ಒಂದೇ ಸಾಲು ಬರೆದಳು: ‘ಮಂಚ ತಿರುಗಿಸಿದವರಿಗೆ.’

ಸೋಮವಾರ ಬೆಳಿಗ್ಗೆ ಮಾವ ಅದೇ ಅಂಗಳದಲ್ಲಿ ಗಾಡಿ ನಿಲ್ಲಿಸಿದ. ಅಂದು ಅವನು ಬೋಣಿ ಮಾಡಲಿಲ್ಲ. ಅಮ್ಮನ ಚೀಲ ಒಂದು ಕೈಯಲ್ಲಿ, ಪೆನ್‌ಡ್ರೈವ್ ಇನ್ನೊಂದರಲ್ಲಿ ಹಿಡಿದು ಕೌಂಟರಿನ ಮುಂದೆ ಅಭ್ಯಾಸಬಲದಿಂದ ಒಂದು ಗಳಿಗೆ ನಿಂತ. ಅಮ್ಮ ಅವನಿಗಿಂತ ಮುಂದೆ, ನಿಧಾನವಾಗಿ, ತನ್ನ ಕಾಲ ಮೇಲೆ ತಾನೇ ನಡೆದು ವಾರ್ಡಿನ ಬಾಗಿಲು ತಳ್ಳಿ ಹಿಡಿದುಕೊಂಡಳು.

ಒಳಗೆ ಹೋದ ಮಾವನ ಮೊದಲ ಮಾತು ಹಿಂದೆ ಬರುತ್ತಿದ್ದ ಕತ್ತರಿಗೆ ಹೊರಗಿನಿಂದಲೇ ಕೇಳಿಸಿತು. ಈ ಟಿವಿಯಲ್ಲಿ ಬಿಳಿ ಎಲ್ಲ ನೀಲಿಯಾಗಿದೆ, ಯಾರು ಸೆಟ್ ಮಾಡಿದ್ದು ಎಂದು ಅವನು ಸಿಸ್ಟರ್‌ಗೆ ಜೋರು ಮಾಡುತ್ತಿದ್ದ. ಸಿಸ್ಟರ್ ರಿಮೋಟನ್ನು ಅವನ ಕೈಗೇ ಕೊಟ್ಟುಬಿಟ್ಟಳು.