ಒಂದೇ ಸಾಲಿನಲ್ಲಿ ಇಬ್ಬರು ಕ್ಲಾರಿನೆಟ್ಟಿನವರು

ಸೀತಾರಾಮಪ್ಪನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಹೊಸನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಸೀತಾರಾಮಪ್ಪ ನಾನೇ. ಆದರೆ ಆ ಗುರುವಾರ ಮೊದಲು ಸಿಟ್ಟು ಮಾಡಿಕೊಂಡವನು ನಾನಲ್ಲ, ಮಾರಪ್ಪ.

ನಾನೂ ಅವನೂ ಪೊಲೀಸ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ಅಕ್ಕಪಕ್ಕ ನಿಂತು ಕ್ಲಾರಿನೆಟ್ ಊದಿದವರು. ಏರು ಸ್ವರ ಊದುವ ಫಸ್ಟ್ ನಾನು, ಕೆಳಗಿನ ಸ್ವರ ಊದುವ ಸೆಕೆಂಡ್ ಅವನು. ನಿವೃತ್ತರಾದ ಮೇಲೆ ಊರಿನಲ್ಲೇ ಹನ್ನೊಂದು ಜನರ ಬ್ಯಾಂಡ್ ಕಟ್ಟಿದೆವು. ಭಾನುವಾರ ತೀರ್ಥಹಳ್ಳಿಯಲ್ಲಿ ಸ್ಪರ್ಧೆ ಇತ್ತು. ಹಳೆಯ ನೋಟೇಶನ್ ಹಾಳೆಗಳನ್ನು ಗೆದ್ದಲು ತಿಂದಿತ್ತು. ನನ್ನ ಮಗಳು ಲಿಖಿತಾ ಅಭ್ಯಾಸದ ದಿನ ಒಬ್ಬೊಬ್ಬರ ಕಾಲ ಬಳಿ ಒಂದೊಂದು ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ, ಯಾರು ಏನು ಊದಿದರೋ ಅದನ್ನೇ ಲ್ಯಾಪ್‌ಟಾಪಿನಲ್ಲಿ ಬರೆದಳು. ನಮ್ಮಲ್ಲಿದ್ದದ್ದು ಆರೇ ಸ್ಟ್ಯಾಂಡ್. ಅದಕ್ಕೇ ಸಾಫ್ಟ್‌ವೇರಿನಲ್ಲಿ ಎರಡೆರಡು ವಾದ್ಯಗಳನ್ನು ಐದು ಗೆರೆಯ ಒಂದೇ ಸಾಲಿಗೆ ಸೇರಿಸಿದಳು. ಇಬ್ಬರಿಗೊಂದು ಹಾಳೆ. ಸ್ವರದ ಕಡ್ಡಿ ಮೇಲಕ್ಕಿದ್ದರೆ ಫಸ್ಟಿನವನದು, ಕೆಳಕ್ಕಿದ್ದರೆ ಸೆಕೆಂಡಿನವನದು.

ನನಗಂತೂ ಭಾರೀ ಖುಷಿಯಾಯಿತು. ಮಾರಪ್ಪ ಹಾಳೆ ನೋಡಿದ್ದೇ ಮುಖ ಊದಿಸಿಕೊಂಡ.

"ನನ್ನ ಸಾಲು ಬೇರೆ ಇರ್ಲಿ. ಅವರವ್ರ ಹಾಳೆ ಅವರವ್ರಿಗೆ. ಇಲ್ಲಾಂದ್ರೆ ನಾ ಬರಲ್ಲ," ಎಂದು ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಹಾಕಿದ.

"ಎಂತ ಹಟ ಮಾರಾಯ ನಿಂದು? ಈ ವಯಸ್ನಲ್ಲಿ ಪಾಲು ಕೇಳ್ತೀಯಾ?" ಎಂದು ರೇಗಿದೆ. ಒಳಗೆ ಮಾತ್ರ ಭಯವಾಯಿತು. ಅವನು ಪಕ್ಕದಲ್ಲಿಲ್ಲದೆ ನಾನು ಒಂದು ದಿನವೂ ಊದಿದವನಲ್ಲ. ಅವನು ಹೋದರೆ ಸ್ಪರ್ಧೆ ಹಾಳಾಗಲಿ, ನನ್ನ ಕ್ಲಾರಿನೆಟ್ಟೂ ಅಟ್ಟ ಸೇರಿದ ಹಾಗೆಯೇ.

ಸಮಾಧಾನ ಮಾಡೋಣವೆಂದು ಹಾಳೆ ಹಿಡಿದು ಅವನ ಪಕ್ಕ ಕುಳಿತೆ. "ನೋಡು, ನಿನ್ನ ಒಂದ್ ಸ್ವರನೂ ಬಿಟ್ಟಿಲ್ಲ ಅವ್ಳು," ಎಂದು ಬೆರಳಿಟ್ಟು ತೋರಿಸುತ್ತಾ ಹೋದೆ. "ಸಾಕು ಬಿಡು," ಎಂದು ಅವನು ಹಾಳೆ ಕಸಿಯಲು ಬಂದ. ನಾನು ಬಿಡಲಿಲ್ಲ. ಕೊನೆಯ ಏರು ಸ್ವರಗಳಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಮೇಲಿನ ಕಡ್ಡಿ ಒಂದೂ ಇಲ್ಲ! ನನ್ನ ಜಾಗದಲ್ಲಿ ಸುಮ್ಮನಿರಬೇಕೆಂಬ ಗುರುತು. ಏರು ಸ್ವರಗಳಿಗೆಲ್ಲ ಕಡ್ಡಿ ಕೆಳಕ್ಕೆ.

"ಲಿಖಿತಾ! ನಿನ್ನ ಸಾಫ್ಟ್‌ವೇರಿಗೆ ತಲೆ ಕೆಟ್ಟಿದ್ಯಾ? ಇದು ನಾನು ಊದೋದು!"

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನೀನೇ ಕೇಳಪ್ಪ," ಎಂದು ಅವಳು ನನ್ನ ಕಾಲ ಬಳಿಯ ರೆಕಾರ್ಡಿಂಗ್ ಹಾಕಿದಳು. ಹತ್ತಿರದಲ್ಲಿ ಕೇಳಿದ್ದು ನನ್ನ ಏದುಸಿರು. ಸ್ವರ ಪಕ್ಕದಿಂದ ಬರುತ್ತಿತ್ತು.

ಸುಳ್ಳೇಕೆ ಹೇಳಲಿ, ಅಲ್ಲಿ ಉಸಿರು ಸಾಲದೆಂದು ನನಗೆ ಗೊತ್ತಿತ್ತು. ಆದರೆ ಸ್ವರ ನಿಲ್ಲುತ್ತಿರಲಿಲ್ಲವಲ್ಲ, ಹೇಗೋ ನಾನೇ ಊದುತ್ತಿದ್ದೇನೆಂದು ನಂಬಿಕೊಂಡಿದ್ದೆ.

ಮಾರಪ್ಪ ನೆಲ ನೋಡುತ್ತಾ ಹೇಳಿದ: "ಕೊರೊನಾ ಬಂದು ಎದ್ಮೇಲೆ ನಿಂಗೆ ಅಲ್ಲಿ ದಮ್ಮು ಸಾಲ್ತಿರ್ಲಿಲ್ಲ. ಅದ್ಕೆ ನಾನೇ ಊದ್ತಿದ್ದೆ. ಒಂದೇ ಸಾಲಲ್ಲಿ ಹಾಕಿದ್ರೆ ನಿನ್ನ ಕಣ್ಣಿಗೆ ಬೀಳ್ತದೆ, ಬೇಜಾರ್ ಮಾಡ್ಕಳ್ತೀಯ ಅಂತ್ಲೇ ಬೇರೆ ಹಾಳೆ ಕೇಳಿದ್ದು."

ನನಗೆ ನಗುವೂ ಬಂತು, ಅಳುವೂ ಬಂತು. "ಥೂ ನಿನ್ನ! ಇಷ್ಟ್ ವರ್ಷ ಬಾಯಿ ಬಿಡ್ಲಿಲ್ವಲ್ಲೋ ಕಳ್ಳ!" ಎಂದು ಅವನ ಬೆನ್ನಿಗೆ ಗುದ್ದಿದೆ.

"ಬಾಯಲ್ಲಿ ಕ್ಲಾರಿನೆಟ್ ಇತ್ತಲ್ಲ ಮಾರಾಯ," ಎಂದ.

"ಅಲ್ಲಿ ನಿನ್ನ ಸ್ವರನೂ ಹಾಕ್ಲಾ ಅಪ್ಪ?" ಎಂದು ಲಿಖಿತಾ ಕೇಳಿದಳು. "ಮುಟ್ಬೇಡ ಅದನ್ನ," ಎಂದೆ.

ಭಾನುವಾರ ತೀರ್ಥಹಳ್ಳಿಯಲ್ಲಿ ಒಂದೇ ಸ್ಟ್ಯಾಂಡಿನ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತೆವು. ಆ ಜಾಗ ಬಂದಾಗ ನಾನು ಕ್ಲಾರಿನೆಟ್ಟನ್ನು ತುಟಿಯಿಂದ ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು, ಎಲ್ಲರಿಗೂ ಕಾಣುವ ಹಾಗೆ ಮಾರಪ್ಪನ ಕಡೆ ಕೈ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಅವನ ಕಿವಿ ಕೆಂಪಾಯಿತು, ಸ್ವರ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಾನು ಅಲ್ಲಿ ಹೊಟ್ಟೆ ತುಂಬ ಉಸಿರೆಳೆದುಕೊಂಡೆ.