ಗಂಗಮ್ಮನ ಗಡಿಕಲ್ಲು

“ಲೇ ಮೌನ್ಯಾ, ಬೋಳಿಮಗನ, ಕೆಳಗ ನಿಂದ್ರು! ಪಂಚಾಯ್ತಿ ಕಟ್ಟಿ ನಿಮ್ಮಪ್ಪಂದೇನಲೇ?”

ಅಂಬಿಗರ ಮೌನಪ್ಪ ಕಟ್ಟೆಗೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದ. ಬೈದವನು ಜಗದೇವಪ್ಪ ಗೌಡ. ನಿಜಾಮರಿದ್ದಾಗ ರುಮಾಲು ಸುತ್ತಿ ಬೈಯುತ್ತಿದ್ದ. ನಿಜಾಮರ ಆಳ್ವಿಕೆ ಹೋಗಿ ಮೂರು ವರ್ಷವಾಯಿತು, ಈಗ ಬಿಳಿ ಟೋಪಿ ಹಾಕಿಕೊಂಡು ಪಂಚಾಯ್ತಿ ಅಧ್ಯಕ್ಷನಾಗಿ ಬೈಯುತ್ತಾನೆ. ಬೈಗುಳ ಮಾತ್ರ ಹಳೆಯದೇ.

ಪಕ್ಕದಲ್ಲಿ ಜಮೀನು ಅಳೆಯುವ ಗಿರ್ದಾವರ ಸಾಹೇಬ ನಕ್ಷೆ ಹರಡಿಕೊಂಡು ಕೂತಿದ್ದ. ಹೊಳೆದಂಡೆಯ ಇಪ್ಪತ್ತು ಅಂಬಿಗರ ಮನೆಗಳಿಗೆ ಸರಕಾರ ಎತ್ತರದಲ್ಲಿ ಜಾಗ ಕೊಡುತ್ತದೆಂದು ಬೇಸಿಗೆಯಲ್ಲಿ ಬಂದು ಹೇಳಿದವನು ಇವನೇ. ಆಗ ಮೌನಪ್ಪನ ಹೆಗಲ ಮೇಲೆ ಕೈಹಾಕಿ, “ಭೀಮಾ ಎಷ್ಟ ಏರಿದ್ರೂ ನೀರ್ ಬರದ ಜಾಗ ಎಲ್ಲದ, ನಿನಗ ಗೊತ್ತದ. ತೋರ್ಸಪಾ ತಮ್ಮಾ” ಅಂದಿದ್ದ. ಸರಕಾರದ ಮನುಷ್ಯನೊಬ್ಬ ಹೀಗೆ ಮೈಮುಟ್ಟಿ ಮಾತಾಡಿದ್ದು ಅದೇ ಮೊದಲು. ಮೌನಪ್ಪ ಕರಗಿಹೋದ.

ಅಂಬಿಗರಲ್ಲಿ ಒಂದು ರೂಢಿ. ದೊಡ್ಡ ಹೊಳೆ ಬಂದ ವರ್ಷ ನೀರು ಎಲ್ಲಿಯತನಕ ಏರಿತೋ ಅಲ್ಲೊಂದು ಕಲ್ಲು ನೆಟ್ಟು ಅರಿಸಿನ ಕುಂಕುಮ ಹಚ್ಚುತ್ತಾರೆ. ಅದು ಗಂಗಮ್ಮನ ಗಡಿ. ಅದರ ಮುಂದೆ ನಿಂತು ಸುಳ್ಳು ಹೇಳುವಂತಿಲ್ಲ. ದಿಬ್ಬದ ಸರಕಾರಿ ಬೀಳಿನಲ್ಲಿ, ಮುಳ್ಳುಕಂಟಿಯೊಳಗೆ ಮುಚ್ಚಿಹೋಗಿದ್ದ ಅಜ್ಜನ ಕಾಲದ ಕಲ್ಲುಗಳನ್ನೂ ಮೌನಪ್ಪ ಕೈಪರಚಿಕೊಂಡು ಹುಡುಕಿ ತೋರಿಸಿದ. ಸಾಹೇಬ ಕಲ್ಲಿನಿಂದ ಕಲ್ಲಿಗೆ ಸರಪಳಿ ಎಳೆಸಿದ.

ಇವತ್ತು ಆ ಗಡಿ ನಕ್ಷೆಯಲ್ಲಿ ಕೆಂಪು ಗೆರೆಯಾಗಿತ್ತು. ಗೆರೆಯಿಂದ ಮೇಲಕ್ಕೆ, ನೀರು ಬರದ ಕಡೆ, ಸಡಕು, ಗೋದಾಮು, ಗೌಡನ ಅಣ್ಣತಮ್ಮಂದಿರ ಪ್ಲಾಟು. ಗೆರೆಯಿಂದ ಕೆಳಕ್ಕೆ ಅಂಬಿಗರ ಹೊಸ ಓಣಿ.

“ಸಾಹೇಬ್ರ, ಅದು ನೀರ್ ಬರೋ ಜಾಗರಿ. ನಮ್ಮವ್ವ ಅಲ್ಲೇ ಹೊಳಿಪಾಲಾಗ್ಯಾಳ್ರಿ.”

“ಠರಾವು ಪಾಸಾಗ್ಯಾದ.” ಸಾಹೇಬ ತಲೆ ಎತ್ತಲಿಲ್ಲ. “ನೀರಿನ ಮಂದಿಗಿ ನೀರ್ ಹತ್ರ ಇದ್ರೇ ಛಲೋ.”

ಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ.

ಮನೆಯಲ್ಲಿ ಹೆಂಡತಿ ಮಲ್ಲಿಕಮ್ಮ ಸುದ್ದಿ ಕೇಳಿ ಕೈಯಲ್ಲಿದ್ದ ಮೀನು ಕೆಳಗಿಟ್ಟಳು. “ಕಲ್ ತೋರ್ಸಿದಾಂವ ನೀನೇ ಅಲ್ಲೇನು? ನಮ್ಮ ಗಂಗಮ್ಮನ ಗಡಿ ಒಯ್ದು ಅವರ ಉಡ್ಯಾಗ ಹಾಕಿ ಬಂದಿ.”

ಗೌಡನ ಮೋಸ ಮೌನಪ್ಪನಿಗೆ ಹೊಸದಲ್ಲ. ಹೆಗಲ ಮೇಲೆ ಕೈಯಿಟ್ಟು ತಮ್ಮಾ ಅಂದವನು ಮಾಡಿದ್ದನ್ನು ತಾಳಲಾಗಲಿಲ್ಲ.

ಸಂಜೆ ದಂಡೆಯಿಂದ ಕೂಗು ಬಂತು. “ಅಂಬಿಗಾ! ಹರಗೋಲ್ ಹಾಕು!” ಸಾಹೇಬ ಆಚೆ ದಂಡೆ ಸೇರಿ ಯಾದಗಿರಿಯಲ್ಲಿ ರೈಲು ಹಿಡಿಯಬೇಕಿತ್ತು. ನಕ್ಷೆಯ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದ. ಕಳಿಸಿಬರಲು ಗೌಡನೂ ಹತ್ತಿದ. ಮೇಲೆಲ್ಲೋ ಮಳೆಯಾಗಿ ಹೊಳೆ ಏರುತ್ತಿತ್ತು.

ನಡುಹೊಳೆಯಲ್ಲಿ ಮೌನಪ್ಪ ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಹರಿಗೋಲು ಗಿರಗಿರ ತಿರುಗತೊಡಗಿತು.

“ಲೇ ಸೂಳಿಮಗನ, ಹುಟ್ ಹಾಕಲೇ!” ಗೌಡ ಒದರಿ ಏಳಲು ಹೋದ. ಹರಿಗೋಲು ವಾಲಿತು. ಅವನು ಕುಕ್ಕರಿಸಿದ, ಟೋಪಿ ನೀರಿಗೆ ಬಿತ್ತು.

ಸಾಹೇಬ ನಕ್ಷೆಯನ್ನು ಎದೆಗೆ ಅವಚಿಕೊಂಡ. “ತಮ್ಮಾ… ತಮ್ಮಾ…”

“ನಕ್ಷಾ ಬಿಚ್ರಿ ಸಾಹೇಬ್ರ,” ಮೌನಪ್ಪ ಹೇಳಿದ. “ನೀರ್ ಬರದ ಜಾಗ ಎಲ್ಲದ, ನೋಡಿ ಹೇಳ್ರಿ. ಅಲ್ಲಿಗೇ ಒಯ್ದು ಬಿಡ್ತೀನಿ.”